ಬಾಕಿ ಚುಕ್ತಾ ಆದ ಮೇಲೂ ಬಿಡದ ಸಾವಕಾರ

(ಧಾರವಾಡದಲ್ಲಿ ಒಂದು ಭಾನುವಾರ ಸಂಜೆ, ಆಟಗಾರರು, ಅವರ ಮನೆಯವರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಾಡಿದವರು ಹುಬ್ಬಳ್ಳಿಯಲ್ಲಿ ಕಾರ್ಮಿಕ ಮೊಕದ್ದಮೆಗಳನ್ನು ನಡೆಸುವ ವಕೀಲರು.)

ಫುಟ್‌ಬಾಲ್ ಆಟಗಾರರ ಕರಾರಿನ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಮಗ್ಗದಿಂದ ಶುರು ಮಾಡುತ್ತೇನೆ, ಸ್ವಲ್ಪ ತಡೆದುಕೊಳ್ಳಿ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ನೇಕಾರರ ಮನೆಯಲ್ಲಿ. ಮಗ್ಗ ನಮ್ಮದು, ನೂಲು ಸಾವಕಾರನದು, ಕೂಲಿ ಸೀರೆ ಲೆಕ್ಕದಲ್ಲಿ. ಅಕ್ಕನ ಮದುವೆಗೆ ಅಪ್ಪ ಸಾವಕಾರನ ಹತ್ತಿರ ಮುಂಗಡ ತೆಗೆದುಕೊಂಡಿದ್ದರು. ಆ ಮುಂಗಡ ತೀರುವ ತನಕ ಇನ್ನೊಬ್ಬನ ನೂಲು ಮುಟ್ಟುವ ಹಾಗಿಲ್ಲ. ಎಲ್ಲೂ ಬರೆದಿರಲಿಲ್ಲ, ಆದರೆ ಓಣಿಗೆಲ್ಲ ಗೊತ್ತಿತ್ತು. ಒಂದು ವರ್ಷ ಬೇರೊಬ್ಬ ಸಾವಕಾರ ಸೀರೆಗೆ ಜಾಸ್ತಿ ಕೂಲಿ ಕೊಡ್ತೀನಿ ಅಂತ ಅಪ್ಪನನ್ನು ಕರೆದ. ಅಪ್ಪ ಹಳೆಯವನ ಹತ್ತಿರ ಹೋಗಿ ಅಂಜುತ್ತಾ ಹೇಳಿದರು. ಅವನು ಸಿಟ್ಟಾಗಲಿಲ್ಲ. "ಕರಕೊಂಡು ಹೋಗಾಂವ ನನ್ನ ಬಾಕಿ ಚುಕ್ತಾ ಮಾಡಿ ಕರಕೊಂಡು ಹೋಗಲಿ" ಅಂದ. ಹೊಸಬ ಚುಕ್ತಾ ಮಾಡಿದ. ಬಾಕಿ ಈ ಖಾತೆಯಿಂದ ಆ ಖಾತೆಗೆ ಹೋಯಿತು. ಅದರ ಬೆನ್ನಿಗೆ ಅಪ್ಪನೂ ಹೋದರು.

ಫುಟ್‌ಬಾಲ್‌ನಲ್ಲಿ ಟ್ರಾನ್ಸ್‌ಫರ್ ಫೀ ಅಂತಾರಲ್ಲ, ನೋಡಲಿಕ್ಕೆ ಅದು ಹೀಗೇ ಇರುತ್ತದೆ. ಹೊಸ ಕ್ಲಬ್ ಹಳೆ ಕ್ಲಬ್‌ಗೆ ಹಣ ಕಟ್ಟುತ್ತದೆ, ಆಟಗಾರ ಆ ಕಡೆ ಹೋಗುತ್ತಾನೆ. ಆದರೆ ನಮ್ಮ ಸಾವಕಾರನ ವಹಿಯಲ್ಲಿ ಬಾಕಿ ಅನ್ನೋದು ಖರೇನೇ ಇತ್ತು, ಅಪ್ಪ ತಿಂದ ದುಡ್ಡು. ಇಂಗ್ಲೆಂಡಿನ ಕ್ಲಬ್ಬುಗಳ ಹತ್ತಿರ ಅದೂ ಇರಲಿಲ್ಲ. ಬಾಕಿ ಇಲ್ಲದೆಯೇ ಹಿಡಿದುಕೊಂಡಿದ್ದರು. ಈ ಒಂದು ಮಾತು ನೆನಪಿರಲಿ.

ಅಲ್ಲಿನ ಪದ್ಧತಿ 1893ರಿಂದ ಬಂದದ್ದು. ಆಟಗಾರನ ಕರಾರು ಒಂದು ವರ್ಷದ್ದು. ವರ್ಷ ಮುಗಿದ ಮೇಲೆ ಕ್ಲಬ್ ಅವನನ್ನು ‘ಉಳಿಸಿಕೊಂಡವರ ಪಟ್ಟಿ’ಯಲ್ಲಿ ಹಾಕಿದರೆ ಮುಗಿಯಿತು. ಕರಾರು ಇಲ್ಲ, ಸಂಬಳ ಇಲ್ಲದೆಯೂ ಇರಬಹುದು, ಆದರೆ ಬೇರೆ ಕಡೆ ಆಡುವ ಹಾಗಿಲ್ಲ. ಅದರ ಮೇಲೆ 1901ರಿಂದ ಸಂಬಳಕ್ಕೂ ಮಿತಿ, ವಾರಕ್ಕೆ 4 ಪೌಂಡ್. ಅರವತ್ತು ವರ್ಷ ಕಳೆದರೂ ಆ ಮಿತಿ ಏರಿದ್ದು ಎಲ್ಲಿಗೆ ಗೊತ್ತಾ? ಆಡುವ ತಿಂಗಳುಗಳಲ್ಲಿ 20 ಪೌಂಡ್, ಬೇಸಿಗೆ ರಜೆಯಲ್ಲಿ 17.

ಇದನ್ನು ಅಲುಗಾಡಿಸಿದವನು ನ್ಯೂಕ್ಯಾಸಲ್ ಯುನೈಟೆಡ್‌ನ ಜಾರ್ಜ್ ಈಸ್ಟ್‌ಹ್ಯಾಮ್. ಅವನ ದೂರು ದೊಡ್ಡದೇನೂ ಅಲ್ಲ. ಕ್ಲಬ್ ಕೊಟ್ಟ ಮನೆ ಇರಲಿಕ್ಕೆ ಲಾಯಕ್ಕಿಲ್ಲ, ಕೊಡಿಸಿದ ಪಕ್ಕದ ಕೆಲಸವೂ ಸರಿ ಇಲ್ಲ, ನನ್ನನ್ನು ಬಿಡಿ ಅಂದ. 1960ರಲ್ಲಿ ಕರಾರು ಮುಗಿಯಿತು. ಕ್ಲಬ್ ಬಿಡಲಿಲ್ಲ. ಅವನು ಸಹಿ ಹಾಕಲಿಲ್ಲ. ದೇಶದ ಒಳ್ಳೆಯ ಫಾರ್ವರ್ಡ್‌ಗಳಲ್ಲಿ ಒಬ್ಬ, ಗಿಲ್ಡ್‌ಫರ್ಡ್ ಕಡೆ ಹೋಗಿ ಪರಿಚಯದವರ ಕಂಪನಿಯಲ್ಲಿ ಕಾರ್ಕ್ ಮಾರುವ ಕೆಲಸಕ್ಕೆ ನಿಂತ! ಕೊನೆಗೆ ಆ ನವೆಂಬರ್‌ನಲ್ಲಿ ನ್ಯೂಕ್ಯಾಸಲ್ ಬೇಸತ್ತು 47,500 ಪೌಂಡ್‌ಗೆ ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು.

ಅವನಿಗೆ ಬೇಕಾದದ್ದು ಸಿಕ್ಕಿತು. ಸಾಕು ಅಂತ ಸುಮ್ಮನಿರಬಹುದಿತ್ತು, ಅಲ್ವಾ? ಆದರೆ ಆಟಗಾರರ ಸಂಘ ಈ ಕೇಸು ನಡೆಯಲಿ, ಖರ್ಚು ನಮ್ಮದು ಅಂತ ಅವನ ಬೆನ್ನಿಗೆ ನಿಂತಿತು. 1963ರಲ್ಲಿ ತೀರ್ಪು ಬಂತು. ಕರಾರು ಮುಗಿದವನನ್ನು ಹಾಗೆ ಹಿಡಿದಿಟ್ಟುಕೊಳ್ಳುವುದು ದುಡಿಯುವವನ ದಾರಿಗೆ ಅಡ್ಡ ಬರುವ ನ್ಯಾಯವಲ್ಲದ ಕಟ್ಟುಪಾಡು ಎಂದು ನ್ಯಾಯಾಧೀಶರು ಹೇಳಿದರು. ಅವರ ಹೆಸರು ವಿಲ್ಬರ್‌ಫೋರ್ಸ್. ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ವಂಶದವರೇ ಅವರು. ಕತೆಗಾರ ಹೀಗೆ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಸಂಬಳದ ಮಿತಿ ಮಾತ್ರ ಕೋರ್ಟಿನಲ್ಲಿ ಬೀಳಲಿಲ್ಲ. ಸಂಘದ ಅಧ್ಯಕ್ಷ ಜಿಮ್ಮಿ ಹಿಲ್ ಊರೂರಲ್ಲಿ ಸಭೆ ಮಾಡಿ, 1961ರ ಜನವರಿ 21ಕ್ಕೆ ಮುಷ್ಕರ ಅಂತ ತಾರೀಖು ಇಟ್ಟರು. ಮೂರು ದಿನ ಮುಂಚೆ, 18ಕ್ಕೆ, ಕ್ಲಬ್ಬುಗಳ ಒಕ್ಕೂಟವಾದ ಲೀಗ್ ಆ ಮಿತಿಯನ್ನು ಬಿಟ್ಟುಕೊಟ್ಟಿತು. ಒಂದು ಮ್ಯಾಚೂ ನಿಲ್ಲಲಿಲ್ಲ. ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಬರತೊಡಗಿತು. 20ರಿಂದ 100!

ಇಲ್ಲಿ ನಮ್ಮ ಕಾನೂನು ಹುಡುಗರಿಗಾಗಿ ಸ್ವಲ್ಪ ದಾರಿ ತಪ್ಪುತ್ತೇನೆ. ಇದು ನಮ್ಮಲ್ಲಿ ಹೊಸದಾ? ಅಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ತೆಗೆದು ನೋಡಿ. ಯಾರನ್ನಾದರೂ ಅವರ ಕಾನೂನುಬದ್ಧ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಕ್ರಿಕೆಟ್ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಜಹೀರ್ ಖಾನ್ 2000ದಲ್ಲಿ ಒಂದು ಕಂಪನಿ ಜೊತೆ ಮೂರು ವರ್ಷದ ಕರಾರು ಮಾಡಿಕೊಂಡಿದ್ದರು, ಜಾಹೀರಾತು ಮತ್ತಿತರ ವ್ಯವಹಾರ ನೋಡಿಕೊಳ್ಳಲಿಕ್ಕೆ. 2003ರಲ್ಲಿ ಅವಧಿ ಮುಗಿಯಿತು. ಅವರು ಬೇರೆ ಕಂಪನಿಗೆ ಹೋದರು. ಹಳೆಯವರು ಕೋರ್ಟಿಗೆ ಬಂದರು: ಬೇರೆಯವರು ಎಷ್ಟು ಕೊಡ್ತಾರೆ ಅಂತ ಮೊದಲು ನಮಗೆ ಹೇಳಬೇಕು, ಅಷ್ಟೇ ನಾವು ಕೊಟ್ಟರೆ ನಮ್ಮಲ್ಲೇ ಇರಬೇಕು, ಹಾಗಂತ ಕರಾರಿನಲ್ಲಿದೆ. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅವಧಿಯೊಳಗೆ ಕಟ್ಟುಪಾಡು ಸರಿ, ಅವಧಿ ಮುಗಿದ ಮೇಲೆ ಅದು 27ನೇ ಕಲಮಿಗೆ ವಿರುದ್ಧ.

ಅಂದರೆ ನಮ್ಮ ಕಾಗದದ ಕಾನೂನು ಚೆನ್ನಾಗಿಯೇ ಇದೆ. ಕಾಗದದ್ದು ಅಂತ ಯಾಕೆ ಹೇಳ್ತಿದೀನಿ ಅನ್ನೋದು ಮುಂದೆ ಗೊತ್ತಾಗುತ್ತದೆ.

ಈಗ ಬಾಸ್ಮನ್. ಹೆಸರು ಕೇಳಿದ್ದೀರಿ, ಕತೆ ಪೂರ್ತಿ ಕೇಳಿದವರು ಕಡಿಮೆ. ಜಾನ್ ಮಾರ್ಕ್ ಬಾಸ್ಮನ್ ಬೆಲ್ಜಿಯಂನ ಲಿಯೇಜ್ ಕ್ಲಬ್‌ನಲ್ಲಿ ಆಡುತ್ತಿದ್ದವನು. ದೊಡ್ಡ ಸ್ಟಾರ್ ಏನಲ್ಲ. ಬೋನಸ್ ಎಲ್ಲ ಸೇರಿ ತಿಂಗಳಿಗೆ ಸರಾಸರಿ 1,20,000 ಬೆಲ್ಜಿಯಂ ಫ್ರಾಂಕ್. 1990ರ ಜೂನ್‌ಗೆ ಕರಾರು ಮುಗಿಯುವುದಿತ್ತು. ಕ್ಲಬ್ ಹೊಸ ಕರಾರು ಮುಂದಿಟ್ಟಿತು: ತಿಂಗಳಿಗೆ 30,000. ನಾಲ್ಕನೇ ಒಂದು ಭಾಗ! ಅವನು ಬೇಡ ಅಂದ. ಕ್ಲಬ್ ಅವನಿಗೆ 1 ಕೋಟಿ 17 ಲಕ್ಷ ಫ್ರಾಂಕ್‌ಗೂ ಜಾಸ್ತಿ ಬೆಲೆ ಕಟ್ಟಿತು. ಗಮನಿಸಿ, ಸಂಬಳ ಕೊಡುವಾಗ ಇವನು 30,000ದ ಆಳು, ಮಾರುವಾಗ ಕೋಟಿಯ ಆಳು. ಫ್ರಾನ್ಸಿನ ಎರಡನೇ ದರ್ಜೆಯ ಡಂಕರ್ಕ್ ಕ್ಲಬ್ ಅವನನ್ನು ಒಂದು ವರ್ಷಕ್ಕೆ ಕೇಳಿತು. ಈ ಕ್ಲಬ್ ಹಣ ಕಟ್ಟುತ್ತದೋ ಇಲ್ಲವೋ ಅಂತ ಲಿಯೇಜ್‌ಗೆ ಅನುಮಾನ. ಹಾಗಾಗಿ ಬಿಡುಗಡೆ ಪತ್ರವನ್ನೇ ಕಳಿಸಲಿಲ್ಲ, ಮೇಲೆ ಅವನನ್ನು ಸಸ್ಪೆಂಡ್ ಮಾಡಿತು. ಕರಾರು ಮುಗಿದವನನ್ನು!

ಬ್ಯಾಡಗಿ ಮಾರುಕಟ್ಟೆಗೆ ಹೋದವರು ಇಲ್ಲಿ ಇದ್ದೀರಿ. ಮೆಣಸಿನಕಾಯಿ ಲಾಟ್ ಹಾಕುತ್ತಾರೆ, ದಲಾಲರು, ಖರೀದಿದಾರರು ಕೈಯಾಡಿಸಿ ನೋಡುತ್ತಾರೆ, ಟೆಂಡರ್ ಬರೆಯುತ್ತಾರೆ. ರೇಟು ಕಡಿಮೆ ಅನ್ನಿಸಿದರೆ ರೈತ ಕೊಡೋದಿಲ್ಲ ಅನ್ನಬಹುದು. ಆದರೆ ಮೆಣಸಿನಕಾಯಿಗೆ ಯಾರೂ ಕೇಳೋದಿಲ್ಲ, ಎಲ್ಲಿಗೆ ಹೋಗ್ತೀಯಪಾ ಅಂತ. ಬಾಸ್ಮನ್ ರೈತನೂ ಅಲ್ಲ, ದಲಾಲನೂ ಅಲ್ಲ, ಮೆಣಸಿನಕಾಯಿ ಆಗಿದ್ದ.

ಐದು ವರ್ಷ ಕೋರ್ಟು. ಯುರೋಪಿನ ನ್ಯಾಯಾಲಯದ ತೀರ್ಪು ಬಂದದ್ದು 1995ರ ಡಿಸೆಂಬರ್ 15ಕ್ಕೆ. ಯುರೋಪಿಯನ್ ಒಕ್ಕೂಟದ ಒಂದು ಸದಸ್ಯ ದೇಶದ ಆಟಗಾರನ ಕರಾರು ಮುಗಿದ ಮೇಲೆ, ಇನ್ನೊಂದು ಸದಸ್ಯ ದೇಶದ ಕ್ಲಬ್ ಅವನನ್ನು ತೆಗೆದುಕೊಳ್ಳಲು ಹಣ ಕಟ್ಟಬೇಕು ಅನ್ನೋ ನಿಯಮ ನಿಲ್ಲೋದಿಲ್ಲ. ಕೆಲಸಗಾರ ಗಡಿ ದಾಟಿ ದುಡಿಯಬಹುದಾದರೆ ಆಟಗಾರನೂ ಕೆಲಸಗಾರನೇ. ಮರುವರ್ಷವೇ ಎಡ್ಗರ್ ಡೇವಿಡ್ಸ್ ಆಯಾಕ್ಸ್ ಬಿಟ್ಟು ಮಿಲಾನ್‌ಗೆ ಹೋದ, ಆಯಾಕ್ಸ್‌ಗೆ ಒಂದು ಪೈಸೆ ಇಲ್ಲ. 2001ರಲ್ಲಿ ಸೋಲ್ ಕ್ಯಾಂಪ್‌ಬೆಲ್ ಟಾಟ್ನಮ್‌ನಿಂದ ನೇರ ಎದುರಾಳಿ ಆರ್ಸೆನಲ್‌ಗೆ ಹೋದ, ಅದೂ ಫ್ರೀ. ಕಟ್ಟದೆ ಉಳಿದ ಫೀಯ ಹಣ ಇಂಥವರ ಸಂಬಳವಾಗಿ ತಿರುಗಿತು.

ಬಾಸ್ಮನ್‌ಗೆ? ತೀರ್ಪು ಬರುವ ಹೊತ್ತಿಗೆ ಅವನ ಆಡುವ ವಯಸ್ಸು ಹೋಗಿತ್ತು. ಆಮೇಲೆ ಕುಡಿತ, ಖಿನ್ನತೆ, ಹಣದ ತೊಂದರೆ. ಅವನ ಹೆಸರಿನಲ್ಲಿ ಬೇರೆಯವರು ಕೋಟಿ ಎಣಿಸಿದರು. ನಾನು ಮೂವತ್ತು ವರ್ಷ ಕಾರ್ಮಿಕರ ಕೇಸು ನಡೆಸಿದವನು, ಇದು ನನಗೆ ಹೊಸದಲ್ಲ. ಒಬ್ಬನೇ ಕೋರ್ಟಿಗೆ ಬಂದವನು ಗೆದ್ದರೂ ಸಾಮಾನ್ಯವಾಗಿ ತನಗೆ ಗೆಲ್ಲೋದಿಲ್ಲ.

ಕೋರ್ಟಿನಿಂದ ಏನು ಸಿಗುತ್ತದೆ, ಕೂತು ಮಾತಾಡಿದರೆ ಏನು ಸಿಗುತ್ತದೆ ಅನ್ನೋದು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ಮೇಜರ್ ಲೀಗ್ ಸಾಕರ್ ಆಟ ಶುರು ಮಾಡಿದ್ದು 1996ರಲ್ಲಿ. ಅದರ ರಚನೆಯೇ ಬೇರೆ. ಆಟಗಾರ ಕ್ಲಬ್ ಜೊತೆ ಕರಾರು ಮಾಡಿಕೊಳ್ಳೋದಿಲ್ಲ, ಲೀಗ್ ಜೊತೆ ಮಾಡಿಕೊಳ್ಳುತ್ತಾನೆ. ಎಲ್ಲ ತಂಡಕ್ಕೂ ಒಬ್ಬನೇ ಸಾವಕಾರ! ಹಾಗಾದರೆ ಯಾರು ಯಾರ ವಿರುದ್ಧ ರೇಟು ಏರಿಸುತ್ತಾರೆ? ಕರಾರು ಮುಗಿದ ಆಟಗಾರ ಅದೇ ಲೀಗಿನ ಇನ್ನೊಂದು ತಂಡಕ್ಕೆ ತನ್ನಿಷ್ಟದಂತೆ ಹೋಗಲು ಆಗುತ್ತಿರಲಿಲ್ಲ, ಹಳೆ ತಂಡದ ಹಕ್ಕು ಅವನ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು.

ಆಟಗಾರರು ಕೋರ್ಟಿಗೆ ಹೋದರು, 1997ರಲ್ಲಿ. ನೀವೆಲ್ಲ ಒಂದಾಗಿ ನಮ್ಮ ಸಂಬಳ ತುಳಿಯುತ್ತಿದ್ದೀರಿ ಅಂತ. ಸೋತರು. ನಿಮಗೆ ಈ ಲೀಗ್ ಒಂದೇ ಗತಿ ಅಂತ ನೀವು ಸಾಬೀತು ಮಾಡಲಿಲ್ಲ, ಬೇರೆ ಕಡೆಯೂ ಆಡಬಹುದಲ್ಲ ಅನ್ನೋದು ಜ್ಯೂರಿ ಮಾತಿನ ಸಾರ. 2002ರಲ್ಲಿ ಮೇಲಿನ ಕೋರ್ಟಿನಲ್ಲೂ ಅದೇ ಆಯಿತು. ಆಗ ಅವರು ಮಾಡಿದ್ದು ಸಂಘ. 2003ರಲ್ಲಿ ಸಂಘ ಹುಟ್ಟಿತು, 2004ರ ಕೊನೆಗೆ ಲೀಗ್ ಜೊತೆ ಮೊದಲ ಸಾಮೂಹಿಕ ಒಪ್ಪಂದ ಆಯಿತು.

ಈ ಒಪ್ಪಂದ ಅಂದರೆ ಏನು ಅಂತ ಹುಬ್ಬಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಗೋಕುಲ ರಸ್ತೆಯಲ್ಲಿ ವಾಯವ್ಯ ಸಾರಿಗೆಯ ಕಚೇರಿ ಇದೆ. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ, ಅದು ತಡವಾದರೆ ಬಸ್ ನಿಲ್ಲುವ ಮಾತು, 2021ರ ಏಪ್ರಿಲ್‌ನಲ್ಲಿ ನಿಂತೂ ನಿಂತಿತು. ಆಟಗಾರರ ಲೆಕ್ಕವೂ ಇದೇ. ಅವಧಿ ಮುಗಿಯುವ ಹೊತ್ತು ಹತ್ತಿರ ಬಂದಂತೆ ಎರಡೂ ಕಡೆ ಗಡಿಯಾರ ನೋಡುತ್ತಾರೆ.

2010ರಲ್ಲಿ ಆಟಗಾರರು ಫ್ರೀ ಏಜೆನ್ಸಿ ಕೇಳಿದರು. ಕರಾರು ಮುಗಿದವನು ತಾನೇ ತಂಡ ಆರಿಸಿಕೊಳ್ಳುವ ಹಕ್ಕು, ಅಷ್ಟೇ. ಸಿಗಲಿಲ್ಲ. ಬದಲಿಗೆ ಸಿಕ್ಕದ್ದು ಇನ್ನೊಂದು ಡ್ರಾಫ್ಟ್: ಬಿಟ್ಟುಹೋದವರನ್ನು ಮತ್ತೆ ಸಾಲು ನಿಲ್ಲಿಸಿ ತಂಡಗಳು ಆರಿಸಿಕೊಳ್ಳುವುದು. 2015ರಲ್ಲಿ ಮತ್ತೆ ಕೂತರು. ಸೀಸನ್ ಶುರುವಾಗಲು ಎರಡು ದಿನ ಇದ್ದಾಗ, ಸರಕಾರದ ಮಧ್ಯಸ್ಥರ ಎದುರು, ಮಾರ್ಚ್ 4ಕ್ಕೆ ಒಪ್ಪಂದ ಆಯಿತು. ಕನಿಷ್ಠ ಸಂಬಳ ವರ್ಷಕ್ಕೆ 36,500 ಡಾಲರ್‌ನಿಂದ 60,000ಕ್ಕೆ ಏರಿತು. ಫ್ರೀ ಏಜೆನ್ಸಿಯೂ ಬಂತು, ಆದರೆ ಹೇಗೆ? 28 ವರ್ಷ ತುಂಬಿರಬೇಕು, ಆ ಲೀಗಿನಲ್ಲೇ 8 ವರ್ಷ ಕಳೆದಿರಬೇಕು. ಹೊಸ ತಂಡದಲ್ಲಿ ಎಷ್ಟು ಜಾಸ್ತಿ ಪಡೆಯಬಹುದು ಅನ್ನೋದಕ್ಕೂ ಮಿತಿ. ಬಾಗಿಲು ತೆರೆದಿದೀವಿ, ಆದರೆ ಬಗ್ಗಿ, ಪಕ್ಕಕ್ಕೆ ತಿರುಗಿ, ಉಸಿರು ಬಿಗಿ ಹಿಡಿದು ಬನ್ನಿ ಅಂದ ಹಾಗೆ.

ಆಗ ಬಹಳ ಜನ ಬೈದರು, ಇದೇನು ಭಿಕ್ಷೆಯಾ ಅಂತ. ನಾನಾದರೆ ಬೈಯುತ್ತಿರಲಿಲ್ಲ. ಒಪ್ಪಂದದಲ್ಲಿ ಒಂದು ಪದ ಒಳಗೆ ಬರುವುದೇ ಕಷ್ಟ. ಬಂದ ಮೇಲೆ ಅಂಕಿ ಬದಲಿಸುವುದು ಮುಂದಿನ ಸಲದ ಕೆಲಸ. 2020ರ ಮಾತುಕತೆಯಲ್ಲಿ ಅದು 24 ವರ್ಷ, 5 ವರ್ಷದ ಆಟಕ್ಕೆ ಇಳಿಯಿತು. ಅಷ್ಟರಲ್ಲಿ ಕೋವಿಡ್ ಬಂತು, ಲೀಗ್ ಆಟಗಾರರನ್ನು ಹೊರಗೇ ನಿಲ್ಲಿಸುವ ಬೆದರಿಕೆ ಹಾಕಿತು, ಸಂಬಳ ಕಡಿತವಾಯಿತು, ಒಪ್ಪಂದದ ಅವಧಿ 2027ರ ತನಕ ಎಳೆಯಿತು. ಅಂದರೆ ಕೂತು ಮಾತಾಡಿದವರು ಸೋಲುವುದೂ ಉಂಟು. ಆದರೆ ಸೋತದ್ದು ಎಷ್ಟು ಅಂತ ಕಾಗದದಲ್ಲಿ ಇರುತ್ತದೆ.

ಅದೇ ದೇಶದ ಹೆಂಗಸರ ಲೀಗ್ ಇನ್ನೂ ಮುಂದೆ ಹೋಯಿತು. ಅವರ ಮೊದಲ ಒಪ್ಪಂದ ಆದದ್ದೇ 2022ರಲ್ಲಿ, ಕನಿಷ್ಠ ಸಂಬಳ 35,000 ಡಾಲರ್. ಬರೀ ಎರಡು ವರ್ಷ, 2024ರ ಆಗಸ್ಟ್‌ನಲ್ಲಿ ಹೊಸ ಒಪ್ಪಂದ. ಡ್ರಾಫ್ಟ್ ಪೂರ್ತಿ ರದ್ದು. ಕಾಲೇಜಿನಿಂದ ಬರುವ ಹುಡುಗಿಯೂ ತನ್ನ ತಂಡ ತಾನೇ ಆರಿಸಿಕೊಳ್ಳುತ್ತಾಳೆ. ಕರಾರು ಮುಗಿದವಳು ಫ್ರೀ, ವಯಸ್ಸು ವರ್ಷ ಯಾರೂ ಎಣಿಸೋದಿಲ್ಲ. ಅವಳು ಒಪ್ಪದೆ ಬೇರೆ ತಂಡಕ್ಕೆ ಸಾಗಿಸುವ ಹಾಗಿಲ್ಲ. ಹಿಂದೆ ಕೂತ ಹೆಣ್ಣುಮಕ್ಕಳು ಇದನ್ನು ಬರೆದುಕೊಳ್ಳುತ್ತಿದ್ದೀರಿ, ಒಳ್ಳೆಯದು.

ಇಲ್ಲಿಯ ತನಕ ಕರಾರು ಮುಗಿದವರ ಮಾತಾಯಿತು. ಮಧ್ಯದಲ್ಲಿ ಬಿಟ್ಟು ಹೋದರೆ? ಅದು ಬೇರೆ ಜಗಳ, ಬೇಗ ಹೇಳಿ ಮುಗಿಸುತ್ತೇನೆ. ಫ್ರಾನ್ಸಿನ ಆಟಗಾರ ಲಸಾನಾ ಡಿಯಾರಾ ಮತ್ತು ಮಾಸ್ಕೋದ ಲೊಕೊಮೊಟಿವ್ ಕ್ಲಬ್ ನಡುವೆ 2014ರಲ್ಲಿ ಕರಾರು ಮುರಿಯಿತು, ಅವನ ಮೇಲೆ 1 ಕೋಟಿ 5 ಲಕ್ಷ ಯೂರೊ ಪರಿಹಾರದ ಹೊರೆ ಬಿತ್ತು. ಅವನನ್ನು ತೆಗೆದುಕೊಂಡ ಕ್ಲಬ್ಬೂ ಅದಕ್ಕೆ ಹೊಣೆ ಅಂತ ಆಗ ಫಿಫಾ, ಅಂದರೆ ಜಗತ್ತಿನ ಫುಟ್‌ಬಾಲ್ ಆಡಳಿತ ಸಂಸ್ಥೆಯ ನಿಯಮ. ಯಾರು ಮುಟ್ಟುತ್ತಾರೆ? 2024ರ ಅಕ್ಟೋಬರ್ 4ಕ್ಕೆ ಯುರೋಪಿನ ನ್ಯಾಯಾಲಯ ಆ ನಿಯಮಗಳು ಅಲ್ಲಿನ ಕಾನೂನಿಗೆ ಹೊಂದೋದಿಲ್ಲ ಅಂದಿತು.

ನಮ್ಮ ದೇಶಕ್ಕೆ ಬರೋಣ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, 2014ರಲ್ಲಿ ಶುರುವಾಯಿತು. 2015ರಲ್ಲಿ ಹರಾಜು, ಸುನಿಲ್ ಛೆಟ್ರಿಗೆ 1.20 ಕೋಟಿ. 2017ರಲ್ಲಿ ಡ್ರಾಫ್ಟ್, ಇನ್ನೂರಕ್ಕೂ ಹೆಚ್ಚು ಆಟಗಾರರು ಸಾಲಿನಲ್ಲಿ. ಬ್ಯಾಡಗಿ ನೆನಪಾಯಿತಲ್ಲ? ಆಮೇಲೆ ಹರಾಜು ಹೋಯಿತು, ಈಗ ಕರಾರು ಮುಗಿದವನು ತನಗೆ ಬೇಕಾದಲ್ಲಿಗೆ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಮುಂಚಿತವಾಗಿಯೇ ಸಹಿ ಹಾಕಬಹುದು, ಅದು ಫಿಫಾ ನಿಯಮ. ಅಮೆರಿಕದವರು ಇಪ್ಪತ್ತು ವರ್ಷ ಹೊಡೆದಾಡಿ ಪಡೆದದ್ದು ನಮ್ಮವರಿಗೆ ಹೆಚ್ಚು ಜಗಳವಿಲ್ಲದೆ ಸಿಕ್ಕಿದೆ.

ಆದರೆ 2025ರಲ್ಲಿ ಏನಾಯಿತು? ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಹದಿನೈದು ವರ್ಷದ ಕರಾರು ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಹೊಸದು ಆಗಲಿಲ್ಲ. ಜುಲೈ 11ಕ್ಕೆ ಲೀಗ್ ಸದ್ಯಕ್ಕೆ ಇಲ್ಲ ಅಂದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಲೀಗ್ ನಡೆಸಲು ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಕೊನೆಗೆ ಕ್ರೀಡಾ ಸಚಿವರು 2026ರ ಫೆಬ್ರವರಿ 14ರಿಂದ ಆಟ ಅಂತ ಪ್ರಕಟಿಸಬೇಕಾಯಿತು.

ಈಗ ಹೇಳಿ, ಆ ಆರೇಳು ತಿಂಗಳು ಫ್ರೀ ಏಜೆಂಟ್ ಆಗಿ ಏನು ಉಪಯೋಗ? ಬಿಟ್ಟು ಹೋಗುವ ಹಕ್ಕು ಇದೆ, ಹೋಗುವ ಮನೆಗಳಿಗೆಲ್ಲ ಬೀಗ. ಇದನ್ನೇ ಕಾಗದದ ಕಾನೂನು ಅಂದದ್ದು. ಫೆಡರೇಷನ್, ಕಂಪನಿ, ಕ್ಲಬ್ ಮಾಲೀಕರು ಕೂತ ಮೇಜಿನ ಸುತ್ತ ಆಟಗಾರನಿಗೆ ಕುರ್ಚಿ ಇರಲಿಲ್ಲ. ಆಟಗಾರರ ಸಂಘ ನಮ್ಮಲ್ಲೂ ಇದೆ, 2006ರಿಂದ. ಬೈಚುಂಗ್ ಭುಟಿಯಾ ಅದರ ಮೊದಲ ಅಧ್ಯಕ್ಷರು. ಆದರೆ ಲೀಗ್ ನಿಂತರೆ ಸಂಬಳ ಎಷ್ಟು, ಎಷ್ಟು ತಿಂಗಳು, ಕಡಿತ ಯಾರು ಹೇಳಬೇಕು ಅಂತ ಬರೆದ ಸಾಮೂಹಿಕ ಒಪ್ಪಂದ ಇಲ್ಲ. ಕಷ್ಟ ಬಂದಾಗ ಆಟಗಾರರು ವಿಡಿಯೊ ಮಾಡಿ ಮನವಿ ಮಾಡಿದರು. ಮನವಿ ಮಾಡುವವನಿಗೂ ಒಪ್ಪಂದ ತೋರಿಸುವವನಿಗೂ ಇರುವ ವ್ಯತ್ಯಾಸವನ್ನು ನಾನು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ದಿನವೂ ನೋಡುತ್ತೇನೆ.

ಮನೆಯವರು ಬಂದಿದ್ದೀರಿ, ನಿಮಗೆ ಉಪಯೋಗದ್ದು ಎರಡು ಮಾತು. ಹದಿನೆಂಟರ ಒಳಗಿನ ಹುಡುಗನಿಗೆ ಮೂರು ವರ್ಷಕ್ಕಿಂತ ಜಾಸ್ತಿ ಕರಾರು ಫಿಫಾ ನಿಯಮದಲ್ಲಿ ಇಲ್ಲ. ಐದು, ಹತ್ತು ಅಂತ ಬರೆದು ತಂದರೆ ಪೆನ್ನು ಜೇಬಿಗೆ ಹಾಕಿ. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಲಿಖಿತವಾಗಿ ಕೇಳಿ, ಕನಿಷ್ಠ 15 ದಿನ ಗಡುವು ಕೊಟ್ಟು, ಆಮೇಲೂ ಕೊಡದಿದ್ದರೆ ಕರಾರು ಬಿಡಬಹುದು. ಲಿಖಿತವಾಗಿ. ವಾಟ್ಸ್ಆ್ಯಪ್‌ನಲ್ಲಿ ಕೈ ಮುಗಿಯುವ ಚಿತ್ರ ಕಳಿಸಿದರೆ ಅದು ನೋಟಿಸ್ ಅಲ್ಲ.

ಕೊನೆಗೆ ಪ್ರಶ್ನೆ ಕೇಳಿದಾಗ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದರು. "ವಕೀಲ್ರ, ನಾವು ಮೂವತ್ತೈದು ವರ್ಷ ಕಬ್ಬಿಣ ಬಡದೇವಿ. ನಿಮ್ಮಪ್ಪಾರು ಮಗ್ಗದಾಗ ಕುಂತು ಕಾಲು ಹಾಳು ಮಾಡಕೊಂಡ್ರು. ಚೆಂಡು ಒದಿಯೋರಿಗೆ ನಾವ್ಯಾಕ ಅಳಬೇಕ್ರಿ?" ಅಂದರು. ಚಪ್ಪಾಳೆಯೂ ಬಿತ್ತು.

ಈ ಪ್ರಶ್ನೆ 1960ರಲ್ಲೇ ಎದ್ದಿತ್ತು. ಜಿಮ್ಮಿ ಹಿಲ್ ಅವರ ಒಂದು ಸಭೆಯಲ್ಲಿ ಸಣ್ಣ ಕ್ಲಬ್ಬಿನ ಹುಡುಗ ಎದ್ದು, ನಮ್ಮಪ್ಪ ಗಣಿಯಲ್ಲಿ ಕಲ್ಲಿದ್ದಲು ಅಗಿಯುತ್ತಾನೆ, ನನಗಿಂತ ಕಡಿಮೆ ಪಡೆಯುತ್ತಾನೆ, ನಾವು ಮುಷ್ಕರ ಮಾಡೋದು ಸರಿಯಾ ಅಂದನಂತೆ. ಆಗ ಬೋಲ್ಟನ್ ತಂಡದ ಡಿಫೆಂಡರ್ ಟಾಮಿ ಬ್ಯಾಂಕ್ಸ್ ಎದ್ದ. ಅವನೂ ಗಣಿಯಲ್ಲಿ ದುಡಿದು ಬಂದವನೇ. ನಿಮ್ಮಪ್ಪನ ಕಷ್ಟ ನನಗೆ ಗೊತ್ತು ಅಂತ ಹೇಳು, ಆದರೆ ಸೋಮವಾರ ಬೆಳಿಗ್ಗೆ ಅವನು ಕಲ್ಲಿದ್ದಲು ಅಗಿಯುವುದನ್ನು ನೋಡಲು 30,000 ಜನ ಟಿಕೆಟ್ ತೆಗೆದುಕೊಂಡು ಬರೋದಿಲ್ಲ, ನಾನು ಸ್ಟ್ಯಾನ್ಲಿ ಮ್ಯಾಥ್ಯೂಸ್‌ನಂಥ ಹೆಸರಾಂತ ಆಟಗಾರನನ್ನು ತಡೆಯಲು ಒದ್ದಾಡುವುದನ್ನು ನೋಡಲು ಬರುತ್ತಾರೆ, ಅನ್ನೋ ಅರ್ಥದಲ್ಲಿ ಹೇಳಿದ. ಹಿರಿಯರೇ, ಅಳಬೇಡಿ. ಆ ಟಿಕೆಟ್ ಹಣ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ಸಾಕು. ನೀವು ವರ್ಕ್‌ಶಾಪಿನಲ್ಲಿ ಯೂನಿಯನ್ ಮಾಡಿ ಕೇಳಿದ್ದೂ ಅದನ್ನೇ ಅಲ್ವಾ?

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ. ಹದಿನೇಳು ಇರಬಹುದು. "ಸರ್, ನಮ್ಮ ಕ್ಲಬ್ಬಿನ್ಯಾಗ ಖಾಲಿ ಕಾಗದದ ಮ್ಯಾಲೆ ಸಹಿ ಕೇಳ್ಯಾರ್ರೀ. ಹಾಕಲಿಲ್ಲಂದ್ರ ತಂಡದಿಂದ ತಗೀತಾರ್ರೀ" ಅಂದ. ನಾನು ಕೇಳಿದೆ, ಎಷ್ಟು ಜನ ಇದ್ದೀರಿ? ಇಪ್ಪತ್ತೆರಡು ಅಂದ. ಇಪ್ಪತ್ತೆರಡೂ ಜನ ಹಾಕೋದಿಲ್ಲ ಅಂದರೆ ಭಾನುವಾರ ಮ್ಯಾಚಿಗೆ ಯಾರನ್ನು ಇಳಿಸುತ್ತಾರೆ? ಹುಡುಗ ಸ್ವಲ್ಪ ಯೋಚಿಸಿದ. "ಒಬ್ಬ ಹಾಕ್ತಾನ್ರೀ ಸರ್. ಗೋಲಿ. ಅಂವ ಸೆಕ್ರೆಟರಿ ಅವರ ಅಕ್ಕನ ಮಗ."

ಸಭೆ ನಕ್ಕಿತು, ನಾನೂ ನಕ್ಕೆ. ಹಾಗಾದರೆ ಇವತ್ತು ರಾತ್ರಿಯೇ ಹೋಗಿ ಮೊದಲು ಅವನ ಜೊತೆ ಕೂತು ಮಾತಾಡಿ ಅಂದೆ. ಉಳಿದ ಇಪ್ಪತ್ತು ಜನರನ್ನೂ ಕರೆದುಕೊಂಡೇ ಹೋಗಿ.